ಗೇರು ಬದಲಿಸೋದು ಕೈಯ ಕೆಲಸವಲ್ಲ, ಕಾಲಿನ ಕೆಲಸ



ಮಾವಿನ ಉಪ್ಪಿನಕಾಯಿಗೆ ಬೂಸರು ಬಂತೆಂದು ಬರೆದವರೂ, ಮಗಳು ಹಾಲು ಕುಡಿಯುವುದಿಲ್ಲವೆಂದು ಬರೆದವರೂ ಒಂದು ಹದಿನೈದು ದಿನ ನನ್ನನ್ನು ಕ್ಷಮಿಸಬೇಕು. ಈ ಸಲದ ಪುಟವನ್ನೆಲ್ಲ ಒಂದೇ ಪತ್ರಕ್ಕೆ ಕೊಟ್ಟುಬಿಟ್ಟಿದ್ದೇನೆ. ಪತ್ರ ಬಾಗಲಕೋಟೆ ಸಮೀಪದ ತುಳಸಿಗೇರಿಯಿಂದ ಬಂದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಹೀಗಿದೆ:

"ಅಕ್ಕಾವರೇ, ನಮ್ಮ ಅತ್ತಿಯವರಿಗೆ ಸೊಂಟದ ಕೀಲಿನ ಆಪರೇಶನ್ ಆಗೇದ. ವಾರಕ್ಕ ಎರಡು ಸಲ ವ್ಯಾಯಾಮ ಮಾಡಸಾಕ ಬಾಗಲಕೋಟಿ ದವಾಖಾನಿಗೆ ಕರಕೊಂಡು ಹೋಗಬೇಕು. ಮನಿಯವರು ನೌಕರಿ ಮ್ಯಾಲೆ ದೂರದ ಊರಾಗ ಇರತಾರ. ಅವರು ಹೌಸಿಲೆ ತಗೊಂಡ ಕಾರು ಅಂಗಳದಾಗ ನಿಂತದ. ಟರ್ಬೊ ಇಂಜಿನ್ನು, ಆರು ಗೇರು. ನನಗ ಲೈಸೆನ್ಸ್ ಅದ, ಡ್ರೈವಿಂಗ್ ಸ್ಕೂಲಿನ ಸಣ್ಣ ಗಾಡಿ ಚಲೋ ಹೊಡಿತಿದ್ದೆ. ಆದರ ಈ ಗಾಡ್ಯಾಗ ಗೇರು ಬದಲಿಸಿದಾಗೊಮ್ಮೆ ಜಗ್ಗತದ. ಅತ್ತಿಯವರು ಪ್ರತಿ ಸಲಾನೂ 'ಯವ್ವಾ' ಅಂತಾರ. ಮೈದುನ 'ಇದು ಹೆಣಮಕ್ಕಳ ಕೈಗೆ ಬಗ್ಗೂ ಗಾಡಿ ಅಲ್ಲ ವೈನಿ, ಬಾಡಿಗಿ ಗಾಡಿ ಹೇಳೂಣು' ಅಂತಾನ. ಬಾಡಿಗಿ ಎಷ್ಟಂತ ಕೊಡೂದು? ಅತ್ತಿಯವರೂ ಈಗ 'ನಾ ಬರಂಗಿಲ್ಲ, ವ್ಯಾಯಾಮಾನೂ ಬ್ಯಾಡ' ಅನ್ನಾಕತ್ತಾರ. ಏನು ಮಾಡಲಿ?"

ಸೋದರಿ, ಮೊದಲು ನಿಮ್ಮ ಮೈದುನರ ಮಾತು ಮುಗಿಸಿಬಿಡೋಣ. ಜರ್ಮನಿಯ ಬರ್ತಾ ಬೆಂಜ್ ಎಂಬ ಗೃಹಿಣಿ 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಗಂಡನೇ ಕಟ್ಟಿದ ಮೋಟಾರು ಗಾಡಿಯನ್ನು ಹೊರತೆಗೆದು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೋದಳು. ನೂರು ಕಿಲೋಮೀಟರಿಗೂ ಮೀರಿದ ದಾರಿ. ಮೋಟಾರು ಗಾಡಿಯಲ್ಲಿ ಅಷ್ಟು ದೂರ ಹೋದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಹೋದದ್ದು ಎಲ್ಲಿಗೆ ಅಂತೀರಿ? ತವರುಮನೆಗೆ! ದಾರಿಯಲ್ಲಿ ಪೆಟ್ರೋಲು ಹರಿಯುವ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಗಾಡಿಗೆ ಎರಡೇ ಗೇರು ಇದ್ದುದರಿಂದ ಏರು ಬಂದಾಗ ಮಕ್ಕಳು ಇಳಿದು ತಳ್ಳಬೇಕಾಯಿತು. ಮನೆಗೆ ಬಂದವಳೇ ಗಂಡನಿಗೆ "ಏರಿಗೆಂದು ಇನ್ನೊಂದು ಗೇರು ಹಾಕಿ" ಎಂದು ಹೇಳಿದಳಂತೆ. ಇನ್ನು ಓಟದ ಗಾಡಿಯ ಮಾತೋ? ಫ್ರಾನ್ಸಿನ ಮಿಶೆಲ್ ಮೂಟೊನ್ 1982ರಲ್ಲಿ ಕೈಗೇರಿನ ಔಡಿ ಕ್ವಾಟ್ರೊ ಓಡಿಸಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ಈ ಮೂರೂ ಕಡೆಯ ವಿಶ್ವ ರ‍್ಯಾಲಿಗಳನ್ನು ಗೆದ್ದು, ಆ ವರ್ಷದ ಪಟ್ಟಿಯಲ್ಲಿ ಇಡೀ ಜಗತ್ತಿಗೆ ಎರಡನೆಯವಳಾದಳು. ಮೈದುನರಿಗೆ ಚಹಾ ಕೊಡುವಾಗ ಇಷ್ಟು ಹೇಳಿದರೆ ಸಾಕು. ಜಗಳ ಬೇಡ.

ಈಗ ಗಾಡಿ ಯಾಕೆ ಜಗ್ಗುತ್ತದೆ ಎಂಬುದನ್ನು ನೋಡೋಣ. ನಿಮ್ಮ ಕಡೆ ಜೋಳ ಬೀಸುವ ಕಲ್ಲು ಇನ್ನೂ ಎಷ್ಟೋ ಮನೆಗಳ ಮೂಲೆಯಲ್ಲಿ ಇದ್ದೀತು. ಇಬ್ಬರು ಎದುರುಬದುರು ಕೂತು ಬೀಸುತ್ತಿದ್ದ ಕಾಲವನ್ನು ಅತ್ತೆಯವರು ಕಂಡಿರಬಹುದು. ಒಬ್ಬಳು ಬೀಸುತ್ತಿರುವಾಗ ಇನ್ನೊಬ್ಬಳು ನಡುವೆ ಬಂದು ಗೂಟಕ್ಕೆ ಕೈ ಹಾಕಬೇಕಾದರೆ ಏನು ಮಾಡುತ್ತಾಳೆ? ಕಲ್ಲು ತಿರುಗುವ ಓಟಕ್ಕೆ ತನ್ನ ಕೈಯನ್ನೂ ಹಾಗೇ ತಿರುಗಿಸುತ್ತ ಮೆಲ್ಲಗೆ ಗೂಟ ಹಿಡಿಯುತ್ತಾಳೆ. ಕೈಯ ಓಟ ಕಡಿಮೆಯಾದರೆ ಕಲ್ಲು ತಡವರಿಸುತ್ತದೆ, ಹೆಚ್ಚಾದರೆ ಎದುರಿನವಳ ಭುಜ ಜಗ್ಗುತ್ತದೆ. ಕಾರಿನಲ್ಲೂ ಇಷ್ಟೇ. ಒಂದು ಕಡೆ ಇಂಜಿನ್ನು ತಿರುಗುತ್ತಿದೆ, ಇನ್ನೊಂದು ಕಡೆ ಗಾಲಿಗಳು. ನಡುವೆ ಇರುವ ಕ್ಲಚ್ ಪ್ಲೇಟು ಎರಡನ್ನೂ ಕೂಡಿಸುತ್ತದೆ, ಅಗಲಿಸುತ್ತದೆ. ಕ್ಲಚ್ ಒತ್ತಿದಿರೋ, ಇಬ್ಬರೂ ಕೈ ಬಿಟ್ಟ ಹಾಗೆ. ಬಿಟ್ಟಿರೋ, ಮತ್ತೆ ಕೈ ಹಿಡಿದ ಹಾಗೆ. ಕೈ ಹಿಡಿಯುವ ಗಳಿಗೆಯಲ್ಲಿ ಇಬ್ಬರ ಓಟ ಒಂದೇ ಇದ್ದರೆ ಅತ್ತೆಯವರಿಗೆ ಗೊತ್ತೂ ಆಗುವುದಿಲ್ಲ. ಬೇರೆ ಬೇರೆ ಇದ್ದರೆ "ಯವ್ವಾ!"

ಹಾಗಾದರೆ ಗೇರಿನ ಕೋಲು ಮಾಡುವುದೇನು? ಅದು ಒಳಗಿನ ಹಲ್ಲುಚಕ್ರಗಳ ಜೋಡಿಯನ್ನು ಆರಿಸುತ್ತದೆ, ಅಷ್ಟೆ. ಹಳೇ ಲಾರಿಗಳ ಕಾಲದಲ್ಲಿ ಆ ಹಲ್ಲುಗಳನ್ನು ಹೊಂದಿಸುವುದೂ ಡ್ರೈವರನದೇ ಕೆಲಸ. ಎರಡೆರಡು ಸಲ ಕ್ಲಚ್ ತುಳಿಯುತ್ತಿದ್ದರು. ಆದರೂ ಒಮ್ಮೊಮ್ಮೆ "ಕರ್ರ್" ಅಂತ ಇಡೀ ಊರಿಗೇ ಕೇಳುತ್ತಿತ್ತು. ಅಮೆರಿಕದ ಕ್ಯಾಡಿಲಾಕ್ ಕಂಪನಿಯವರು 1928ರಲ್ಲಿ ಸಿಂಕ್ರೊಮೆಶ್ ಎಂಬ ಉಪಾಯವನ್ನು ಕಾರಿಗೆ ತಂದರು. ಹಲ್ಲುಗಳು ಕೂಡುವ ಮೊದಲು ಒಂದು ಉಂಗುರ ಉಜ್ಜಿ ಎರಡರ ಓಟವನ್ನೂ ಸಮ ಮಾಡುತ್ತದೆ. ಈಗಿನ ಎಲ್ಲ ಕೈಗೇರಿನ ಕಾರುಗಳಲ್ಲೂ ಇದುಂಟು. ಆದರೆ ಈ ಉಂಗುರ ಸಮ ಮಾಡುವುದು ಗೇರಿನ ಪೆಟ್ಟಿಗೆಯ ಒಳಗಿನದನ್ನು ಮಾತ್ರ. ಇಂಜಿನ್ನಿನ ಓಟವನ್ನು ಸಮ ಮಾಡುವ ಹೊಣೆ ಇವತ್ತಿಗೂ ನಿಮ್ಮ ಎರಡು ಕಾಲಿನದು. ಆದ್ದರಿಂದ ಒಂದು ಗುರುತು ಇಟ್ಟುಕೊಳ್ಳಿ: ಗೇರು ಹಾಕುವಾಗ ಕರ್ರ್ ಎಂದರೆ ಕ್ಲಚ್ ಪೂರ್ತಿ ಒತ್ತಿಲ್ಲ. ಗೇರು ಸದ್ದಿಲ್ಲದೆ ಬಿದ್ದು, ಕ್ಲಚ್ ಬಿಡುವಾಗ ಗಾಡಿ ಜಗ್ಗಿದರೆ ಓಟ ಹೊಂದಿಲ್ಲ. ನಿಮ್ಮದು ಎರಡನೆಯದು ಎಂದು ಪತ್ರದಿಂದಲೇ ತಿಳಿಯುತ್ತದೆ.

(ಗೇರು ಪೆಟ್ಟಿಗೆ ಎಂದೆನಲ್ಲ, ಅದು ನಮ್ಮ ಬಿಡದಿಯಲ್ಲೂ ತಯಾರಾಗುತ್ತದೆ. ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್‌ನವರು 2004ರಿಂದ ಕೈಗೇರಿನ ಪೆಟ್ಟಿಗೆಗಳನ್ನು ಮಾಡಿ ಹೊರದೇಶಕ್ಕೂ ಕಳಿಸಿದ್ದಾರೆ. ಆ ಕಿರ್ಲೋಸ್ಕರ್ ಹೆಸರಿನ ಮೂಲ ಬೆಳಗಾವಿಯ ಒಂದು ಸೈಕಲ್ ಅಂಗಡಿ. ಅದೂ ಅದೇ 1888ರದು.)

ಸ್ಕೂಲಿನ ಸಣ್ಣ ಗಾಡಿ ಜಗ್ಗದೆ ಇದು ಯಾಕೆ ಜಗ್ಗುತ್ತದೆ ಅಂತ ಕೇಳುತ್ತೀರಿ. ಸಣ್ಣ ಇಂಜಿನ್ನಿನ ಗಾಡಿ ಬಡಪಾಯಿ ಎಮ್ಮೆಯ ಹಾಗೆ. ಕಾಲು ಸ್ವಲ್ಪ ಹೆಚ್ಚುಕಡಿಮೆ ಆದರೂ ಅದಕ್ಕೆ ಸಿಟ್ಟಿಲ್ಲ. ಓಟಕ್ಕೆಂದೇ ಮಾಡಿದ ಗಾಡಿಯಲ್ಲಿ ಎಕ್ಸಲೇಟರಿಗೆ ಬೆರಳು ತಾಗಿಸಿದರೂ ಶಕ್ತಿ ಬರುತ್ತದೆ, ಬಿಟ್ಟರೆ ಅಷ್ಟೇ ಥಟ್ಟನೆ ಹೋಗುತ್ತದೆ. ಟರ್ಬೊ ಬೇರೆ. ಮುಳ್ಳು ಎರಡು ಸಾವಿರದ ಆಸುಪಾಸು ಬರುವವರೆಗೆ ಸುಮ್ಮನಿದ್ದು, ಆಮೇಲೆ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹೊರಡುತ್ತದೆ. ಜತೆಗೆ ಈಗಿನ ಎಷ್ಟೋ ಕಾರುಗಳಲ್ಲಿ ಹೊಗೆಯ ಕಟ್ಟುಪಾಡಿನ ಸಲುವಾಗಿ ಇನ್ನೊಂದು ಚೇಷ್ಟೆ ಸೇರಿದೆ. ನೀವು ಎಕ್ಸಲೇಟರಿನಿಂದ ಕಾಲು ತೆಗೆದರೂ ಇಂಜಿನ್ನಿನ ಓಟ ಕೂಡಲೇ ಇಳಿಯುವುದಿಲ್ಲ, ಒಂದು ಗಳಿಗೆ ಹಾಗೇ ತೂಗಿ ನಿಂತು ಆಮೇಲೆ ಇಳಿಯುತ್ತದೆ. ಆ ತೂಗುವ ಗಳಿಗೆಯಲ್ಲಿ ನೀವು ಕ್ಲಚ್ ಬಿಟ್ಟರೆ ಗಾಡಿ ಮುಂದಕ್ಕೆ ಚಿಮ್ಮುತ್ತದೆ. ಸ್ಕೂಲಿನಲ್ಲಿ ಕಲಿತ ಅವಸರ ಇಲ್ಲಿ ನಡೆಯುವುದಿಲ್ಲ. ಇನ್ನು, ಗಾಡಿಯಲ್ಲಿ "ಸ್ಪೋರ್ಟ್" ಎಂಬ ಗುಂಡಿ ಇದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ನಿಮ್ಮ ಮನೆಯವರಿಗೆ ಇರಲಿ.

ಹಾಗಿದ್ದರೆ ಹೇಗೆ ಮಾಡಬೇಕು? ಇಂಜಿನ್ನಿನ ಸುತ್ತು ತೋರಿಸುವ ಗಡಿಯಾರದ ಮುಳ್ಳನ್ನು ಸ್ವಲ್ಪ ದಿನ ಗುರುವೆಂದು ತಿಳಿಯಿರಿ. ಎರಡನೇ ಗೇರಿನಲ್ಲಿ ಮುಳ್ಳು 2,500ರಲ್ಲಿ ಇದೆ ಅನ್ನಿ. ಅದೇ ವೇಗದಲ್ಲಿ ಮೂರನೇ ಗೇರಿಗೆ ಬಂದಾಗ ಅದು ಸುಮಾರು 1,700ರಲ್ಲಿ ಇರಬೇಕು (ಗಾಡಿಯಿಂದ ಗಾಡಿಗೆ ಕೊಂಚ ವ್ಯತ್ಯಾಸವುಂಟು). ಅಂದರೆ ಕ್ಲಚ್ ಒತ್ತಿದ ಮೇಲೆ ಮುಳ್ಳು 2,500ರಿಂದ 1,700ಕ್ಕೆ ಇಳಿಯುವವರೆಗೆ ಕಾಯಬೇಕು, ಅಲ್ಲಿಗೆ ಬಂದಾಗ ಕ್ಲಚ್ ಬಿಡಬೇಕು. ಇಷ್ಟೇ ಗುಟ್ಟು. ಬೇಗ ಬಿಟ್ಟರೆ ಗಾಡಿ ಚಿಮ್ಮುತ್ತದೆ, ತೀರಾ ತಡಮಾಡಿದರೆ ಮುಳ್ಳು ಇನ್ನೂ ಕೆಳಗಿಳಿದು ಗಾಡಿ ಹಿಂದಕ್ಕೆ ಎಳೆದಂತಾಗುತ್ತದೆ. ನಿಮ್ಮ ಗಾಡಿಯಲ್ಲಿ ಎಷ್ಟು ಹೊತ್ತು ಎಂಬುದು ನಾಲ್ಕು ದಿನದಲ್ಲಿ ಕಿವಿಗೇ ತಿಳಿಯುತ್ತದೆ. ಆಮೇಲೆ ಮುಳ್ಳನ್ನು ನೋಡುವುದು ಬೇಡ, ಕಣ್ಣು ರಸ್ತೆಯ ಮೇಲಿರಲಿ. ಒಗ್ಗರಣೆಗೆ ಎಣ್ಣೆ ಕಾದದ್ದು ಸಾಸಿವೆಯ ಸದ್ದಿನಿಂದ ಗೊತ್ತಾಗುವುದಿಲ್ಲವೇ, ಹಾಗೆ.

ಕಾಲುಗಳ ಲೆಕ್ಕ ಹೀಗೆ. ಬಲಗಾಲು ಎಕ್ಸಲೇಟರಿನಿಂದ ಏಳುವುದೂ ಎಡಗಾಲು ಕ್ಲಚ್ಚಿಗೆ ಇಳಿಯುವುದೂ ಒಟ್ಟೊಟ್ಟಿಗೆ ಆಗಬೇಕು, ತಕ್ಕಡಿಯ ಎರಡು ತಟ್ಟೆಗಳಂತೆ. ಬಲಗಾಲು ಮೊದಲೇ ಎದ್ದುಬಿಟ್ಟರೆ ಇಂಜಿನ್ನು ಗಾಲಿಯನ್ನು ಹಿಡಿದೆಳೆದು ಎಲ್ಲರ ತಲೆ ಮುಂದಕ್ಕೆ ಬಾಗುತ್ತದೆ. ತಡವಾಗಿ ಎದ್ದರೆ ಇಂಜಿನ್ನು ಬೊಬ್ಬೆ ಹೊಡೆಯುತ್ತದೆ. ಕ್ಲಚ್ಚನ್ನು ಒತ್ತುವುದು ಬೇಗ, ಪೂರ್ತಿ ತಳದವರೆಗೆ. ಬಿಡುವುದು ಮಾತ್ರ ಮೂರು ಪಾಲು: ಮೊದಲ ಪಾಲು ಬೇಗ, ಪ್ಲೇಟು ಹಿಡಿಯತೊಡಗುವ ನಡುವಿನ ಪಾಲು ನಿಧಾನ, ಒಂದು ಉಸಿರಿನಷ್ಟು, ಕೊನೆಯದು ಮತ್ತೆ ಬೇಗ. ಪೂರ್ತಿ ಬಿಟ್ಟ ಮೇಲೆ ಎಕ್ಸಲೇಟರು ಹನಿಹನಿಯಾಗಿ ಕೊಡಿ. ಮಜ್ಜಿಗೆ ಚೆಲ್ಲಿದ ಹಾಗೆ ಸುರಿಯಬೇಡಿ.

ಎಲ್ಲಕ್ಕಿಂತ ಹೆಚ್ಚು ಜಗ್ಗುವುದು ಒಂದರಿಂದ ಎರಡಕ್ಕೆ ಹೋಗುವಾಗ, ಅಲ್ಲವೇ? ಕಾರಣ ಉಂಟು. ಮೇಲಿನ ಗೇರುಗಳ ನಡುವಿನ ಮೆಟ್ಟಿಲು ಗಿಡ್ಡ, ಒಂದು ಎರಡರ ನಡುವಿನದು ಎತ್ತರ. ಮುಳ್ಳು ಅಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು. ಹಾಗಾಗಿ ಒಂದನೇ ಗೇರನ್ನು ಎಳೆಯಲೇಬೇಡಿ. ಅದು ಗಾಡಿಯನ್ನು ಎಬ್ಬಿಸುವುದಕ್ಕೆ ಮಾತ್ರ. ಗಾಡಿ ಉರುಳಿ 15 ಕಿಲೋಮೀಟರು ವೇಗ ಬಂತೋ ಎರಡಕ್ಕೆ ಹಾಕಿ, ಕಾಯುವುದನ್ನು ಉಳಿದ ಗೇರುಗಳಿಗಿಂತ ತುಸು ಹೆಚ್ಚು ಕಾಯಿರಿ. 30ರ ಹತ್ತಿರ ಮೂರು, 45ಕ್ಕೆ ನಾಲ್ಕು, 60ಕ್ಕೆ ಐದು. ಆರನೆಯದು ಖಾಲಿ ಹೆದ್ದಾರಿಗೆ. ತುಳಸಿಗೇರಿಯಿಂದ ಗದ್ದನಕೇರಿ ಕ್ರಾಸಿಗೆ ಬರುವಷ್ಟರಲ್ಲಿ ಅದು ಬೇಕೇ ಬೇಕೆಂದೇನೂ ಇಲ್ಲ. ಗೇರು ಆರಿವೆ ಅಂತ ಆರನ್ನೂ ಹಾಕಬೇಕೇ? ಮನೆಯಲ್ಲಿ ಡಬ್ಬಿ ಎಷ್ಟಿದ್ದರೂ ಸಾರಿಗೆ ಬೇಕಾದದ್ದನ್ನಷ್ಟೇ ತೆಗೆಯುತ್ತೀರಿ.

ಮೇಲಕ್ಕೆ ಹೋಗುವುದು ಹೀಗಾದರೆ, ಕೆಳಕ್ಕೆ ಬರುವುದು ಇದರ ತಿರುಗಾಮುರುಗ. ಕಬ್ಬಿನ ಸುಗ್ಗಿಯಲ್ಲಿ ನಿಮ್ಮ ರಸ್ತೆಯ ತುಂಬ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಅದರ ಹಿಂದೆ ಸಿಕ್ಕಿಕೊಂಡು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಬರಲೇಬೇಕು. ಊರೊಳಗೆ ಹಂಪುಗಳ ಕಾಟ ಬೇರೆ. ಕೆಳಗಿನ ಗೇರಿಗೆ ಬಂದಾಗ ಇಂಜಿನ್ನು ಇನ್ನೂ ಜೋರಾಗಿ ತಿರುಗಬೇಕು, ಇಳಿಯುವುದಲ್ಲ. ಮೊದಲು ಬ್ರೇಕಿನಿಂದಲೇ ವೇಗ ತಗ್ಗಿಸಿ, ಬ್ರೇಕು ಬಿಡಿ. ಕ್ಲಚ್ ಒತ್ತಿ ಕೆಳಗಿನ ಗೇರು ಹಾಕಿ, ಕ್ಲಚ್ ಬಿಡುವ ಮುಂಚೆ ಎಕ್ಸಲೇಟರಿಗೆ ಒಂದು ಚಿಕ್ಕ ತಟ್ಟು ಕೊಡಿ. ರೊಟ್ಟಿ ಬಡಿಯುವ ತಟ್ಟಲ್ಲ, ಮಲಗಿದ ಕೂಸಿನ ಬೆನ್ನು ತಟ್ಟುವಂಥದು. ಮುಳ್ಳು ಐದಾರು ನೂರು ಮೇಲೇರಿದ ಕೂಡಲೇ ಕ್ಲಚ್ ಬಿಟ್ಟರೆ ಗಾಡಿ ಬೆಣ್ಣೆಯ ಹಾಗೆ ಕೂಡಿಕೊಳ್ಳುತ್ತದೆ. ಈ ತಟ್ಟು ಮೊದಮೊದಲು ಬರುವುದಿಲ್ಲ. ಬರುವವರೆಗೆ ಕ್ಲಚ್ಚನ್ನು ಇನ್ನಷ್ಟು ನಿಧಾನವಾಗಿ ಬಿಟ್ಟರೆ ಸಾಕು, ಪ್ಲೇಟಿಗೆ ಸ್ವಲ್ಪ ಸವೆತ ಹೆಚ್ಚು, ಅತ್ತೆಯವರ ಸೊಂಟದ ಮುಂದೆ ಅದು ದೊಡ್ಡದಲ್ಲ. ಓಟದವರು ಬ್ರೇಕಿನ ಮೇಲೆ ಮುಂಗಾಲಿಟ್ಟು ಅದೇ ಪಾದದ ಅಂಚಿನಿಂದ ಎಕ್ಸಲೇಟರನ್ನೂ ತಟ್ಟುತ್ತಾರೆ. ಸೀರೆಯುಟ್ಟು, ರೋಗಿಯನ್ನು ಕೂರಿಸಿಕೊಂಡು ಅದನ್ನೆಲ್ಲ ಮಾಡಲು ಹೋಗಬೇಡಿ ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ.

ಹಂಪಿನ ಮಾತು ಬಂತಲ್ಲ, ಅದರ ಮೇಲೇರಿರುವಾಗ ಗೇರು ಬದಲಿಸಬಾರದು. ಹಂಪಿಗೆ ಮುಂಚೆಯೇ ಎರಡಕ್ಕೆ ಬಂದು (ತೀರಾ ಎತ್ತರದ್ದಾದರೆ ಬಹುತೇಕ ನಿಲ್ಲಿಸಿ ಒಂದಕ್ಕೆ), ಹಿಂದಿನ ಗಾಲಿಯೂ ದಾಟಿದ ಮೇಲೆ ಮುಂದಿನ ಗೇರು. ತಿರುವಿನಲ್ಲೂ ಇದೇ ನೇಮ. ಶನಿವಾರ ನಿಮ್ಮೂರ ಹನುಮಪ್ಪನ ದರ್ಶನಕ್ಕೆ ಜನ ಸೇರಿರುವಾಗ ಗುಡಿಯ ಮುಂದೆ ಎರಡನೇ ಗೇರಿನಲ್ಲೇ ಮೆಲ್ಲಗೆ ಬನ್ನಿ. ಹಾಫ್ ಕ್ಲಚ್ಚಿನಲ್ಲಿ ತೆವಳುವುದು ಬೇಡ, ಪ್ಲೇಟು ಸುಟ್ಟ ವಾಸನೆ ಬರುತ್ತದೆ. ಬಂದರೆ ಗಾಡಿ ಬದಿಗೆ ನಿಲ್ಲಿಸಿ ಸ್ವಲ್ಪ ಆರಲು ಬಿಡಿ.

ಕೈಯ ಬಗ್ಗೆಯೂ ಒಂದೆರಡು ಮಾತು ಬೇಕು, ಯಾಕೆಂದರೆ ಇದರಲ್ಲಿ ಅಪಾಯವಿದೆ. ಗೇರಿನ ಕೋಲನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಜಗ್ಗುವವರು ಒಂದಕ್ಕೆ ಇನ್ನೊಂದು ಗೇರು ಹಾಕಿಬಿಡುತ್ತಾರೆ. ಐದರಲ್ಲಿ 80ರ ವೇಗದಲ್ಲಿರುವಾಗ ನಾಲ್ಕೆಂದು ತಿಳಿದು ಎರಡಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಗಾಲಿಗಳೇ ಇಂಜಿನ್ನನ್ನು ಮಿತಿಮೀರಿ ತಿರುಗಿಸುತ್ತವೆ, ಗಾಲಿಗಳು ಹಿಡಿತ ತಪ್ಪಿದರೂ ತಪ್ಪಬಹುದು. ಇದಕ್ಕೆ ಉಪಾಯ ಸುಲಭ. ಕೋಲಿನ ಒಳಗೆ ಸ್ಪ್ರಿಂಗು ಇರುತ್ತದೆ. ನ್ಯೂಟ್ರಲಿಗೆ ಬಂದು ಕೈ ಸಡಿಲಿಸಿದರೆ ಅದು ತಾನಾಗಿ ಮೂರು–ನಾಲ್ಕರ ಸಾಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ನೇರ ಮೇಲಕ್ಕೆ ತಳ್ಳಿದರೆ ಮೂರು, ನೇರ ಕೆಳಕ್ಕೆ ಎಳೆದರೆ ನಾಲ್ಕು. ಒಂದು–ಎರಡಕ್ಕೆ ಹೋಗುವಾಗ ಅಂಗೈ ಪಕ್ಕದವರ ಕಡೆ ಇರಲಿ, ಐದು–ಆರಕ್ಕೆ ಅಂಗೈ ನಿಮ್ಮ ಕಡೆಗೆ. ಎರಡು ಬೆರಳಿನ ಬಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಗೇರೆಣ್ಣೆ ಗಟ್ಟಿಯಾಗಿ ಎರಡನೆಯದು ಸ್ವಲ್ಪ ಬಿಗಿ ಎನಿಸಬಹುದು. ಒತ್ತಾಯ ಬೇಡ, ಐದಾರು ನಿಮಿಷ ಓಡಿದ ಮೇಲೆ ಸರಿಹೋಗುತ್ತದೆ. ಬದಲಿಸಿದ ಮೇಲೆ ಕೈ ಕೋಲಿನ ಮೇಲೆ ಇಟ್ಟುಕೊಂಡೇ ಕೂರಬೇಡಿ, ಒಳಗಿನ ಭಾಗಗಳು ಸವೆಯುತ್ತವೆ. ಕೈಯ ಜಾಗ ಸ್ಟೇರಿಂಗು.

ಕೂರುವುದನ್ನು ಸರಿಮಾಡಿಕೊಳ್ಳದೆ ಇದಾವುದೂ ಬರುವುದಿಲ್ಲ. ಇಂಥ ಗಾಡಿಗಳು ನಿಮ್ಮ ಮನೆಯವರ ಎತ್ತರಕ್ಕೆ ಹೊಂದಿಸಿದಂತೆಯೇ ನಿಂತಿರುತ್ತವೆ. ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಎಡ ಮೊಣಕಾಲು ತುಸು ಬಾಗಿರಬೇಕು, ಅಷ್ಟು ಮುಂದಕ್ಕೆ ಸೀಟು ಎಳೆದುಕೊಳ್ಳಿ. ಹಿಮ್ಮಡಿ ನೆಲಕ್ಕೆ ತಾಗಲಿ. ತೆಳ್ಳನೆ ಅಟ್ಟೆಯ ಚಪ್ಪಲಿ ಒಳ್ಳೆಯದು, ಆದರೆ ಹಿಂದೆ ಪಟ್ಟಿ ಇರಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಇಲ್ಲದಿದ್ದರೆ ಹ್ಯಾಂಡ್‌ಬ್ರೇಕಿಗೆ ಸಿಕ್ಕುತ್ತದೆ. ನೆರಿಗೆ ಒಂದು ಬೆರಳು ಮೇಲಿರಲಿ.

ಅಭ್ಯಾಸಕ್ಕೆ ಅತ್ತೆಯವರನ್ನು ಕೂರಿಸಿಕೊಳ್ಳಬೇಡಿ. ನವನಗರದ ಅಗಲವಾದ ರಸ್ತೆಗಳಲ್ಲಿ ಭಾನುವಾರ ಬೆಳಕು ಹರಿದ ಮೇಲೆ, ಗದ್ದಲ ಶುರುವಾಗುವ ಮುಂಚೆ, ಒಂದು ತಾಸು ಸಾಕು. ಮೈದುನರನ್ನೇ ಪಕ್ಕದಲ್ಲಿ ಕೂರಿಸಿ, ಅವರ ಕೈಗೆ ಕಂಠದಿಂದ ಒಂದು ಬೆರಳು ಕೆಳಗೆ ನೀರು ತುಂಬಿದ ಲೋಟ ಕೊಡಿ. ಮೊದಲ ದಿನ ಅವರ ಪ್ಯಾಂಟು ಒದ್ದೆಯಾದೀತು, ಆಗಲಿ ಬಿಡಿ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮತ್ತೆ ಎರಡಕ್ಕೆ, ಇಷ್ಟನ್ನೇ ಹತ್ತಿಪ್ಪತ್ತು ಸಲ ಮಾಡಿ. ಲೋಟದ ನೀರು ಅಂಚು ದಾಟದೆ ನಿಂತ ದಿನ ಅತ್ತೆಯವರನ್ನು ಕರೆಯಿರಿ.

ಅತ್ತೆಯವರನ್ನು ಕೂರಿಸುವ ರೀತಿ ಇನ್ನೂ ಮುಖ್ಯ. ಓಟದ ಗಾಡಿಗಳ ಸೀಟು ತಗ್ಗು. ಸೊಂಟದ ಕೀಲಿನ ಆಪರೇಶನ್ ಆದವರ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವ ಹಾಗೆ ಕೂರಬಾರದು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನನ್ನು ಸ್ವಲ್ಪ ಒರಗಿಸಿ, ಗಟ್ಟಿಯಾದ ದಿಂಬೊಂದನ್ನು ಹಾಕಿ ಎತ್ತರ ಮಾಡಿ. ಮೆತ್ತನೆಯದು ಬೇಡ, ಕುಸಿಯುತ್ತದೆ. ಅದರ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹಾಸಿ. ಅವರು ಮೊದಲು ಸೀಟಿಗೆ ಬೆನ್ನು ಮಾಡಿ ಕುಳಿತು, ಆಮೇಲೆ ಎರಡು ಕಾಲನ್ನೂ ಜೋಡಿಸಿಕೊಂಡು ಒಳಗೆ ತಿರುಗಲಿ. ಚೀಲ ಜಾರುವುದರಿಂದ ಸೊಂಟ ತಿರುಚುವುದಿಲ್ಲ. ತಿರುಗಿದ ಮೇಲೆ ಚೀಲ ಎಳೆದು ತೆಗೆಯಿರಿ, ಬೆಲ್ಟು ಹಾಕಿ. ಇನ್ನೂ ಎಷ್ಟು ವಾರ ಈ ಜಾಗ್ರತೆ ಬೇಕೆಂದು ಮುಂದಿನ ಸಲ ಡಾಕ್ಟರರನ್ನೇ ಕೇಳಿ. ವ್ಯಾಯಾಮವನ್ನಂತೂ ಬಿಡಿಸಬೇಡಿ. ಈ ತಿಂಗಳುಗಳಲ್ಲಿ ಬಿಟ್ಟ ನಡಿಗೆ ಆಮೇಲೆ ಕೂಡಿಬರುವುದು ಕಷ್ಟ.

ಗೇರು ಬದಲಿಸುವ ಮುಂಚೆ "ಅತ್ತೀ, ಬದಲಸ್ತೀನ್ರಿ" ಎಂದು ಒಂದು ಮಾತು ಹೇಳುವುದನ್ನು ಮೊದಲ ವಾರ ರೂಢಿಸಿಕೊಳ್ಳಿ. ಮೈ ಬಿಗಿಹಿಡಿದು ಕೂತವರಿಗೆ ಸಣ್ಣ ಜಗ್ಗೂ ದೊಡ್ಡದಾಗಿ ತಾಗುತ್ತದೆ. ಎರಡನೇ ವಾರ ಹೇಗಾಯಿತೆಂದು ಕಾಗದ ಬರೆಯಿರಿ. ಲೋಟದ ನೀರಿನ ಸುದ್ದಿಯನ್ನೂ ಬರೆಯಿರಿ.